ಓದದೆ ಬಿಟ್ಟ ಸಾಲು

ಅಪ್ಪನ ಹಳೆಯ ಟೈಯೊಂದನ್ನು ಬೆಲ್ಟಿನಂತೆ ಸೊಂಟಕ್ಕೆ ಬಿಗಿದುಕೊಂಡು ನಮ್ಮ ಅಡುಗೆಯವರು ಒಲೆಯ ಮುಂದೆ ನಿಲ್ಲುತ್ತಿದ್ದರು. ನೀಲಿ ಪಟ್ಟೆಯ ರೇಷ್ಮೆ ಟೈ. ಕೈ ಒರೆಸಿ ಒರೆಸಿ ಅದರ ತುದಿ ಅರಿಸಿನದ ಬಣ್ಣಕ್ಕೆ ತಿರುಗಿತ್ತು. ಎರಡೂ ಮುಂಗೈಗಳ ಮೇಲೆ ಒಗ್ಗರಣೆ ಸಿಡಿದು ಉಳಿದ ಸಣ್ಣ ಸಣ್ಣ ಬಿಳಿ ಚುಕ್ಕೆಗಳು. ನಾನು ಹುಟ್ಟುವ ಮೊದಲೇ ನೈರೋಬಿಯ ಲಂಗಾಟಾದ ನಮ್ಮ ಮನೆಗೆ ಕೆಲಸಕ್ಕೆ ಬಂದವರು ಅವರು. ಅಪ್ಪ ಹೆಸರು ಹಿಡಿದು ಕರೆಯುತ್ತಿದ್ದರು. ನಾನು ‘ಮ್ಜೇ’ ಎನ್ನುತ್ತಿದ್ದೆ, ಸ್ವಾಹಿಲಿಯಲ್ಲಿ ಹಿರಿಯರನ್ನು ಕರೆಯುವ ಹಾಗೆ.

ಮೈಸೂರಿನಿಂದ ಬಂದ ಹೊಸದರಲ್ಲಿ ಅಮ್ಮನಿಗೆ ಸ್ವಾಹಿಲಿ ಬರುತ್ತಿರಲಿಲ್ಲ, ಮ್ಜೇಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ಪಶ್ಚಿಮ ಕೀನ್ಯಾದ ಕಾಕಮೆಗಾ ಕಡೆಯ ಆ ಮನುಷ್ಯ ಕನ್ನಡ ಕಲಿತರು. ಅಪ್ಪ-ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನಡೆಯುತ್ತಿತ್ತು. ಮ್ಜೇ ಹತ್ತಿರ ನಡೆಯುತ್ತಿರಲಿಲ್ಲ.

“ಅಡುಗೆಮನೇಲಿ ಕನ್ನಡ, ಪುಟ್ಟಮ್ಮ. ಇಲ್ಲಾಂದ್ರೆ ದೋಸೆ ಇಲ್ಲ,” ಎಂದು ಸೌಟು ಎತ್ತುತ್ತಿದ್ದರು. ಅಕ್ಷರ ಕಲಿಸಿದವರು ಅಮ್ಮ. ಆದರೆ ನನ್ನ ಬಾಯಲ್ಲಿ ಕನ್ನಡ ಉಳಿದದ್ದು ಅವರಿಂದ.

ಬೇಳೆ ಆರಿಸುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನನಗೆ ಹದಿನಾರಾದ ವರ್ಷ, ಒಂದು ಭಾನುವಾರ ನೆಂಟರೊಂದಿಗೆ ಊಟಕ್ಕೆ ಕೂತಿದ್ದಾಗ ಅಪ್ಪನ ಹಲ್ಲಿಗೆ ಕಲ್ಲು ಸಿಕ್ಕಿತು. ಅಪ್ಪ ಅದನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟರು. ಮರುದಿನ ಬೆಳಿಗ್ಗೆ ಅವರು ಅಪ್ಪನ ಮುಂದೆ ಬಂದು ನಿಂತರು.

“ಸಾರ್, ಇನ್ನು ನನ್ನ ಕೈಲಾಗಲ್ಲ. ಬೇಳೇಲಿ ಕಲ್ಲು ಕಾಣ್ತಿಲ್ಲ. ಈ ತಿಂಗಳಿಗೆ ಕೆಲಸ ಬಿಡ್ತೀನಿ.”

“ಕಣ್ಣು ತೋರಿಸಿದ್ಯಾ?”

“ಪೊರೆ ಬಂದಿದೆಯಂತೆ, ಆಪರೇಷನ್ ಆಗ್ಬೇಕಂತೆ. ಇಪ್ಪತ್ತೊಂದು ವರ್ಷ ಆಯ್ತಲ್ಲ ಸಾರ್. ಅಷ್ಟು ವರ್ಷಕ್ಕೆ ಏನು ಬರತ್ತೋ ಲೆಕ್ಕ ಹಾಕಿ ಕೊಟ್ರೆ, ಊರಲ್ಲಿ ಕಣ್ಣು ಮಾಡಿಸ್ಕೋತೀನಿ.”

ಅಪ್ಪ ಹೂಂಗುಟ್ಟಿದರು. ಆಮೇಲೆ ಅಮ್ಮ ಅದೇ ಮಾತು ತೆಗೆದಾಗ ಅಪ್ಪ ಹೇಳಿದ್ದು ಬೇರೆ. “ನಾನು ಬಿಡಿಸಿದ್ರೆ ಕೊಡ್ಬೇಕು. ಅವನಾಗೇ ಬಿಡ್ತಿದಾನೆ. ಮೈಸೂರಿನ ಸೈಟಿಗೆ ಈ ತಿಂಗಳೇ ಕಂತು ಕಳಿಸ್ಬೇಕು, ಗೊತ್ತಲ್ಲ?” ಅಮ್ಮ ಎದ್ದು ಒಳಗೆ ಹೋದರು.

ಅಪ್ಪ ಕೆಟ್ಟವರಲ್ಲ. ಊರಿನಿಂದ ಹೊಸದಾಗಿ ಬಂದ ಎಷ್ಟೋ ಜನರನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವರು. ಆ ಅನ್ನ ಬೇಯಿಸಿದವರು ಯಾರೆಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ಕೊನೆಯ ದಿನ ಅಪ್ಪ ಇಂಗ್ಲಿಷಿನಲ್ಲಿ ಟೈಪು ಮಾಡಿದ ಕಾಗದವನ್ನು ಮೇಜಿನ ಮೇಲಿಟ್ಟರು. ಮ್ಜೇ ಅದನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿ, ನನ್ನ ಕಡೆ ಚಾಚಿದರು.

“ಏನು ಬರೆದಿದೆ, ಪುಟ್ಟಮ್ಮ? ನೀನು ಓದು.”

ಪಕ್ಕದಲ್ಲೇ ಕೂತಿದ್ದ ಅಪ್ಪ ಓದುತ್ತಿದ್ದ ನ್ಯೂಸ್‌ಪೇಪರಿನಿಂದ ತಲೆಯೆತ್ತಲಿಲ್ಲ. ನಾನು ಓದುತ್ತಾ ಕನ್ನಡದಲ್ಲಿ ಹೇಳಿದೆ. “ನೀವು ಇಪ್ಪತ್ತೊಂದು ವರ್ಷ ನಿಯತ್ತಾಗಿ ಕೆಲಸ ಮಾಡಿದೀರಿ. ನೀವಾಗೇ ಬಿಟ್ಟಿದೀರಿ. ಈ ತಿಂಗಳ ಸಂಬಳ ಕೈಗೆ ಬಂದಿದೆ.”

ಅದರ ಕೆಳಗೆ ಇನ್ನೊಂದು ಸಾಲಿತ್ತು: ನನಗೆ ಸಲ್ಲಬೇಕಾದದ್ದೆಲ್ಲ ಸಂದಿದೆ, ಮುಂದೆ ಏನನ್ನೂ ಕೇಳುವುದಿಲ್ಲ.

“ಅಷ್ಟೇನಾ?”

ಅಪ್ಪನ ಕೈಯಲ್ಲಿದ್ದ ನ್ಯೂಸ್‌ಪೇಪರು ಸಣ್ಣಗೆ ಸದ್ದು ಮಾಡಿತು.

“ಅಷ್ಟೇ,” ಎಂದೆ.

“ಹಾಗಾದ್ರೆ ಮಿಕ್ಕಿದ್ದು ಆಮೇಲೆ ಕಳಿಸ್ತಾರೆ,” ಎಂದು ತಮಗೆ ತಾವೇ ಹೇಳಿಕೊಂಡು ಪೆನ್ನು ತೆಗೆದುಕೊಂಡರು. ಎಲ್ಲಿ ಸಹಿ ಹಾಕಬೇಕೆಂದು ಕಾಣಲಿಲ್ಲ. ನಾನೇ ಬೆರಳಿಟ್ಟು ಜಾಗ ತೋರಿಸಿದೆ. ಒಂದು ಪ್ರತಿಯನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು. ಗೇಟಿನವರೆಗೆ ಹೋದೆ. “ಚೆನ್ನಾಗಿ ಓದ್ಬೇಕು,” ಎಂದು ತಲೆ ಮುಟ್ಟಿ, ಜನ ತುಂಬಿದ ಮಟಾಟು ವ್ಯಾನು ಹತ್ತಿದರು.

ಹನ್ನೊಂದು ವರ್ಷ ನಾನು ಆ ಸಾಲಿನ ವಿಷಯವನ್ನು ಯಾರಿಗೂ ಹೇಳಲಿಲ್ಲ. ಅಪ್ಪ ತೀರಿಕೊಂಡ ವರ್ಷ, ನನ್ನ ಸಂಬಳದಿಂದ ಕೂಡಿಟ್ಟದ್ದನ್ನು ಲಕೋಟೆಯಲ್ಲಿಟ್ಟುಕೊಂಡು ಅವರ ಹಳ್ಳಿಯನ್ನು ಹುಡುಕಿಕೊಂಡು ಹೋದೆ. ಹಿಂದಿನ ವರ್ಷವೇ ಅವರು ತೀರಿಹೋಗಿದ್ದರು. ನಾನು ಯಾರೆಂದು ಹೇಳಿದಾಗ ಅವರ ಹೆಂಡತಿ ಕುರ್ಚಿ ಒರೆಸಿ ಕೂರಿಸಿದರು. ಸ್ವಾಹಿಲಿಯಲ್ಲೇ ಮಾತಾಡಿದೆವು.

“ಕಣ್ಣು?” ಎಂದೆ.

“ಮೊದಲು ಒಂದು ಹೋಯಿತು. ಎರಡು ವರ್ಷಕ್ಕೆ ಇನ್ನೊಂದೂ ಹೋಯಿತು.”

“ಆಪರೇಷನ್…”

“ದುಡ್ಡು ಬರುತ್ತದೆ ಅಂತ ಕಾದರು. ಬರಲಿಲ್ಲ. ಆ ಕಾಗದ ಹಿಡಿದುಕೊಂಡು ಲೇಬರ್ ಆಫೀಸಿಗೆ ಹೋದರು. ಅಲ್ಲಿಯ ಗುಮಾಸ್ತ ಪೂರ್ತಿ ಓದಿ ಹೇಳಿದನಂತೆ. ಸಹಿ ಹಾಕಿದ್ದೀಯಲ್ಲ, ಇನ್ನೇನೂ ಆಗಲ್ಲ ಅಂದನಂತೆ.”

“ಮನೆಗೆ ಬಂದು ಏನಂದರು?”

“‘ಓದಿದ್ದು ಮಗು, ಅಪ್ಪ ಪಕ್ಕದಲ್ಲೇ ಕೂತಿದ್ದರು, ಪಾಪ ಅದೇನು ಮಾಡೀತು’ ಅಂದರು. ನಾನು ಸಿಟ್ಟಾದರೆ ನನ್ನನ್ನೇ ಬೈಯುತ್ತಿದ್ದರು.”

ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. “ಇದು ಅವರದು,” ಎಂದೆ. ಅವರು ತೆರೆದು ನೋಡಲಿಲ್ಲ. ಮಡಿಲಲ್ಲಿಟ್ಟುಕೊಂಡು, “ಅಸಾಂಟೆ, ಉಪಕಾರವಾಯಿತು,” ಎಂದರು. ಆಮೇಲೆ, ಬಾಗಿಲಿನಾಚೆ ನೋಡುತ್ತಾ, ಮೆಲ್ಲಗೆ ಕೇಳಿದರು:

“ನೈರೋಬಿಯಿಂದ ಇಲ್ಲಿಗೆ ಆಗಲೂ ಬಸ್ಸಿನಲ್ಲಿ ಒಂದೇ ದಿನದ ದಾರಿ, ಅಲ್ಲವಾ?”