ಪೊಟ್ಟಣದಮ್ಮ

ನನ್ನ ತಂಗಿಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಪೊಟ್ಟಣದಮ್ಮ ಎನ್ನುತ್ತಿದ್ದರು. ತಲೆಯೊಳಗಿನ ಚಿತ್ರ ತೆಗೆಯುವ ದೊಡ್ಡ ಯಂತ್ರದ ಕೋಣೆಯಲ್ಲಿ ಅವಳು ಆಯಾ. ಎಳೆಗೂಸು ಯಂತ್ರದೊಳಗೆ ಅಲ್ಲಾಡಿದರೆ ಚಿತ್ರ ಕಲಸಿಹೋಗುತ್ತದೆ. ಅದಕ್ಕೆ ಹಾಲು ಕುಡಿಸಿ, ಕಿವಿ ಮುಚ್ಚಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ನಿದ್ದೆ ಹತ್ತಿಸುವುದು ಅವಳ ಕೆಲಸ. ಅವಳು ಸುತ್ತಿದ ಕೂಸು ಮಿಸುಕಿದ್ದೇ ಇಲ್ಲ.

"ಭಾವನ್ನೂ ಹೀಗೇ ಸುತ್ತಿಟ್ಟಿದ್ರೆ ಸಾಯಂಕಾಲ ಮನೇಲೇ ಬಿದ್ದಿರ್ತಿದ್ರು ಕಣೇ ಅಕ್ಕ," ಎಂದು ನನ್ನ ಯಜಮಾನರು ಬದುಕಿದ್ದಾಗ ಅವರ ಎದುರಿಗೇ ಅನ್ನುತ್ತಿದ್ದಳು. ಅವರೂ ನಗುತ್ತಿದ್ದರು.

ಅವಳ ಮಗಳು ಬಸುರಿಯಾದಾಗ, ಏಳು ತಿಂಗಳು ತುಂಬಿದ ಮೇಲೆ, ಮಾಮೂಲಿ ಸ್ಕ್ಯಾನಿನಲ್ಲಿ ಏನೋ ಅನುಮಾನ ಬಂದು, ಅದೇ ಯಂತ್ರದಲ್ಲಿ ಹೊಟ್ಟೆಯೊಳಗಿನ ಕೂಸಿನ ಮಿದುಳು ನೋಡಿದರು. ಅದರಲ್ಲಿ ಸೀಳು ಇದ್ದಂತೆ ಕಂಡಿತಂತೆ, ತೀರ ಅಪರೂಪದ್ದಂತೆ. ಆದರೆ ಕೂಸು ಮಿಸುಕಾಡಿ ಚಿತ್ರ ಕಲಸಿತ್ತು. "ಖಚಿತವಾಗಿ ಹೇಳೋಕಾಗಲ್ಲ, ಹುಟ್ಟಿದ ಮೇಲೆ ಮತ್ತೆ ನೋಡೋಣ," ಎಂದರು ಡಾಕ್ಟರು. ಮಗಳು ಆ ಒಂದು ಮಾತನ್ನೇ ಹಿಡಿದುಕೊಂಡು ಉಳಿದ ದಿನ ತಳ್ಳಿದಳು.

"ಸೀಳೂ ಅಲ್ಲ ಏನೂ ಅಲ್ಲ ದೊಡ್ಡಮ್ಮ, ಅಲ್ಲಾಡಿದ್ದು ಅಷ್ಟೆ. ಭಾರಿ ತುಂಟ ಇದು," ಎಂದು ಹೊಟ್ಟೆ ಸವರಿಕೊಳ್ಳುತ್ತಿದ್ದಳು.

ಹೆಣ್ಣು ಹುಟ್ಟಿತು. ಬಾಣಂತನ ಮುಗಿಯುವ ಮೊದಲೇ ಯಂತ್ರದ ಕೋಣೆಗೆ ಹೋದೆವು. ಹಾಲು ಕುಡಿಸಿ ಕೂಸನ್ನು ಕೊಡುವಾಗ ಮಗಳು ತಾಯಿಯ ಮಣಿಕಟ್ಟು ಹಿಡಿದಳು.

"ಅಮ್ಮಾ, ಸ್ವಲ್ಪ ಸಡಿಲ ಸುತ್ತು."

"ಅಲ್ಲಾಡತ್ತೆ ಕಣೇ."

"ಅಲ್ಲಾಡ್ಲಿ ಬಿಡು. ಇನ್ನೊಂದು ಸಲ ಬನ್ನಿ ಅಂತಾರೆ, ಅಷ್ಟೆ ತಾನೆ?"

ತಂಗಿ ಹೂಂ ಎಂದಳು. ಸಡಿಲವಾಗಿಯೇ ಶುರುಮಾಡಿದಳು, ನಾನು ನೋಡಿದೆ. ಕೊನೆಯ ಮಡಿಕೆ ಬಂದಾಗ ಕೈ ತನ್ನ ಪಾಡಿಗೆ ತಾನು ಎಳೆದು, ಬಿಗಿದು, ತುದಿ ಸಿಕ್ಕಿಸಿಬಿಟ್ಟಿತು. ಬಿಚ್ಚೋಣವೆಂದರೆ ಕೂಸಿಗೆ ನಿದ್ದೆ ಹತ್ತಿತ್ತು, ಒಳಗಿಂದ ಕರೆದರು.

ಚಿತ್ರ ಕನ್ನಡಿಯಂತೆ ಬಂತು. ಸೀಳು ಎರಡೂ ಕಡೆ ಇದೆ, ನಡೆಯುವುದು ಮಾತಾಡುವುದು ಆಗಲಿಕ್ಕಿಲ್ಲ, ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ ಎಂದು ಡಾಕ್ಟರು ಮೆತ್ತಗೇ ಹೇಳಿದರು. ಮಗಳು ಅವರ ಮುಖ ನೋಡಲಿಲ್ಲ. ಮಡಿಲಲ್ಲಿದ್ದ ಪೊಟ್ಟಣ ಬಿಚ್ಚಿ, ಬಟ್ಟೆಯನ್ನು ನೀಟಾಗಿ ಮಡಿಸಿ, ತಾಯಿಯ ಕೈಗೆ ಕೊಟ್ಟಳು.

ಆಮೇಲೆ ತಂಗಿ ಸುತ್ತಿದ ಕೂಸುಗಳು ಯಂತ್ರದೊಳಗೆ ಅಲ್ಲಾಡತೊಡಗಿದವು. ಸ್ವಲ್ಪ ದಿನ ಸಹಿಸಿಕೊಂಡರು, ಆಮೇಲೆ ನೆಲ ಒರೆಸಲು ಹಾಕಿದರು. ಹೆಸರು ಮಾತ್ರ ಪೊಟ್ಟಣದಮ್ಮ ಎಂದೇ ಉಳಿಯಿತು.

ಮೊಮ್ಮಗಳನ್ನು ಮನೆಯಲ್ಲಿ ಯಾರೂ ಸುತ್ತುವಂತಿಲ್ಲ, ಎಷ್ಟೇ ಚಳಿಯಿದ್ದರೂ ಮಗಳು ಬಿಡುವುದಿಲ್ಲ. ಈಗ ಅದಕ್ಕೆ ಹಲ್ಲು ಬಂದಿವೆ. ಕಿಟಕಿಯ ಪಕ್ಕ ಚಾಪೆಯ ಮೇಲೆ ಮಲಗಿಸಿದರೆ ಮಲಗಿಸಿದ ಹಾಗೇ ಇರುತ್ತದೆ. ತಂಗಿ ಕೆಲಸ ಮುಗಿಸಿ ಬಂದು ಅದರ ಕಾಲ ಬಳಿ ಕೂತು, ಮಿಸುಕೀತೇ ಎಂದು ನೋಡುತ್ತಿರುತ್ತಾಳೆ.