ಗೌರಿ ಹಬ್ಬಕ್ಕೆ ಕಳಿಸಿದ ಎರಡು ಸಾವಿರ ಪೌಂಡ್

ಅಕ್ಕ ಇಂದಿಗೂ ನನ್ನ ಪರವಾಗಿ ದಂಡ ಕಟ್ಟುತ್ತಿದ್ದಾಳೆ. ಕಾನೂನು ಅದನ್ನು ದಂಡ ಎನ್ನುವುದಿಲ್ಲ, ನಾನು ಎನ್ನುತ್ತೇನೆ.

ನಾನು ಹತ್ತನೇ ಕ್ಲಾಸು ದಾಟಿದವನಲ್ಲ. ನಾಟಿಂಗ್‌ಹ್ಯಾಮಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ವಾರದ ಕೆಲಸದ ಪಟ್ಟಿಯಲ್ಲಿ ನನ್ನ ಪಾಳಿಗಳು ಅರ್ಧಕ್ಕಿಳಿದಾಗ ಬಾಡಿಗೆಯನ್ನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟತೊಡಗಿದೆ. ಆ ಕಾರ್ಡಿನ ಕಂತಿಗೆ ಇನ್ನೊಂದು ಕಾರ್ಡು. ಐದನೆಯದು ಬರುವ ಹೊತ್ತಿಗೆ ವಸೂಲಿಗೆ ಬ್ಯಾಂಕಿನವರ ಫೋನುಗಳು ಶುರುವಾದವು. ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿರುವ ಅಕ್ಕ, ಭಾವನಿಗೆ ತಿಳಿಸದೆ, ತನ್ನ ಉಳಿತಾಯದಿಂದ ಎರಡು ಸಾವಿರ ಪೌಂಡ್ ಸಾಲ ಕೊಟ್ಟಳು. ಅದೂ ಕರಗಿತು.

ಕೊನೆಗೆ ಬೀಸ್ಟನ್ನಿನಲ್ಲಿ ಸಾಲಗಾರರಿಗೆ ಉಚಿತ ಸಲಹೆ ಕೊಡುವ ಹೆಂಗಸೊಬ್ಬರ ಮುಂದೆ ಕೂತೆ. ದಿವಾಳಿ ಅರ್ಜಿ ಹಾಕುವುದೊಂದೇ ದಾರಿ ಎಂದರು. ಆಮೇಲೆ ಪೆನ್ನು ಕೆಳಗಿಟ್ಟು, ಮನೆಯವರಿಂದ ಸಾಲ ಪಡೆದಿದ್ದೀರಾ ಎಂದು ಕೇಳಿದರು. ಅಕ್ಕನಿಂದ ಎಂದೆ. "ಅರ್ಜಿಗೆ ಮುಂಚೆ ಅವರಿಗೆ ಮಾತ್ರ ವಾಪಸ್ ಕೊಡಬೇಡಿ. ಕೊಟ್ಟರೆ ಬ್ಯಾಂಕುಗಳಿಗೆ ಹಂಚಲು ಸರ್ಕಾರ ಅದನ್ನು ಅವರಿಂದಲೇ ವಸೂಲಿ ಮಾಡಬಹುದು" ಎಂದು ನಿಧಾನವಾಗಿ ಎರಡು ಸಲ ಹೇಳಿದರು. ಸರಳವಾದ ಇಂಗ್ಲಿಷ್. ಎರಡು ಸಲವೂ ನನಗೆ ಅರ್ಥವಾಗಿತ್ತು.

ಆದರೆ ಬ್ಯಾಂಕುಗಳ ಸಾಲಿನಲ್ಲಿ ಅಕ್ಕನ ಹೆಸರನ್ನೂ ಬರೆದು ಅವಳ ದುಡ್ಡು ಮುಳುಗಿಸಲು ನನ್ನಿಂದಾಗಲಿಲ್ಲ. ಮುಂದಿನ ವಾರ ಗೌರಿ ಹಬ್ಬವಿತ್ತು. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ತವರೆಂದರೆ ನಾನೊಬ್ಬನೇ. ಅರಿಶಿನ ಕುಂಕುಮಕ್ಕೆಂದು ಪ್ರತಿ ವರ್ಷ ಐವತ್ತು ಪೌಂಡ್ ಕಳಿಸುತ್ತಿದ್ದೆ. ಆ ವರ್ಷ ಕೊನೆಯ ಕಾರ್ಡಿನಿಂದ ಎರಡು ಸಾವಿರ ತೆಗೆದು, 'ಗೌರಿ ಹಬ್ಬಕ್ಕೆ' ಎಂದು ಬರೆದು ಕಳಿಸಿದೆ. ಹಬ್ಬದ ಬಾಗಿನವನ್ನು ಯಾರು ಪ್ರಶ್ನಿಸುತ್ತಾರೆ ಎಂಬ ಧೈರ್ಯ.

ಅಕ್ಕ ಕೂಡಲೇ ಫೋನ್ ಮಾಡಿದಳು. "ಏನೋ ಇದು, ಮೊರದಲ್ಲಿ ಬ್ಯಾಂಕನ್ನೇ ಇಟ್ಟು ಕಳಿಸಿದೀಯ? ಲಾಟರಿ ಹೊಡೀತಾ?"

"ಓವರ್‌ಟೈಮ್ ಸಿಕ್ತು ಅಕ್ಕ. ನಿನ್ನ ಸಾಲ ತೀರ್ತು."

"ಅಂತೂ ನಮ್ಮ ಪೆದ್ದ ಗೆದ್ದ ಅನ್ನು!" ಎಂದು ನಕ್ಕಳು.

ಮನೆಯವರಿಗೆ ಏನಾದರೂ ಕೊಟ್ಟಿದ್ದೀರಾ ಎಂಬ ಪ್ರಶ್ನೆಗೆ ಅರ್ಜಿಯಲ್ಲಿ ಇಲ್ಲ ಎಂದು ತುಂಬಿದೆ. ದಿವಾಳಿ ಮಂಜೂರಾಯಿತು, ಬ್ಯಾಂಕಿನವರ ಫೋನುಗಳು ನಿಂತವು. ಕೆಲವು ವಾರಗಳ ನಂತರ ಸರ್ಕಾರಿ ಅಧಿಕಾರಿಯೊಬ್ಬರು ನನ್ನ ಸ್ಟೇಟ್‌ಮೆಂಟ್ ಎದುರಿಗಿಟ್ಟುಕೊಂಡು ಫೋನಿನಲ್ಲಿ ಕೇಳಿದರು: ಈ ಎರಡು ಸಾವಿರ ಉಡುಗೊರೆಯೋ, ಸಾಲದ ಮರುಪಾವತಿಯೋ? ಉಡುಗೊರೆ ಎಂದೆ. ಯಾವುದಾದರೂ ಸರಿ, ನಿಮ್ಮ ಅಕ್ಕನಿಂದ ಅದನ್ನು ವಾಪಸ್ ಕೇಳುತ್ತೇವೆ, ಅವರಿಗೆ ಪತ್ರ ಬರುತ್ತದೆ ಎಂದರು.

ಮನೆಯಿಂದಲೇ ಕೆಲಸ ಮಾಡುವ ಭಾವ ಅಂಚೆಯನ್ನು ಮೊದಲು ಎತ್ತಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆಯೇ ಹೊರಟೆ. ಬರ್ಮಿಂಗ್‌ಹ್ಯಾಮಿನಲ್ಲಿ ರೈಲು ಬದಲಿಸುವಾಗ ಹಿಂದಿರುಗಿಬಿಡೋಣ ಎನಿಸಿತು. ಪತ್ರ ನನಗಿಂತ ಮುಂಚೆ ತಲುಪಿದ್ದರೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಪತ್ರ ಇನ್ನೂ ಬಂದಿರಲಿಲ್ಲ. ಭಾವ ಮಹಡಿಯ ಮೇಲೆ ಮೀಟಿಂಗಿನಲ್ಲಿದ್ದರು. ಅಡುಗೆಮನೆಯಲ್ಲಿ ನಿಂತೇ ಅಕ್ಕನಿಗೆ ಕಾರ್ಡು, ದಿವಾಳಿ, ಬರಲಿರುವ ಪತ್ರದ ವಿಷಯ ಹೇಳಿದೆ.

"ಹಬ್ಬದ ದಿನ ನಂಗೆ ಕಾರ್ಡಿನ ದುಡ್ಡು ಕಳಿಸಿದ್ಯಾ?" ಎಂದಳು ಅಕ್ಕ. "ಅದ್ರಲ್ಲಿ ಮಗಳ ಹಾಸ್ಟೆಲ್ ಬಾಡಿಗೆ ಕಟ್ಟಾಯ್ತು ಕಣೋ. ಈಗ ಎಲ್ಲಿಂದ ತರ್ಲಿ? ಇವ್ರಿಗೆ ಏನಂತ ಹೇಳ್ಲಿ?"

ಆಮೇಲೆ ನನ್ನತ್ತ ತಿರುಗಿ ಕೇಳಿದಳು:

"ಹೀಗಾಗುತ್ತೆ ಅಂತ ಯಾರೂ ಹೇಳ್ಲಿಲ್ವಾ ನಿಂಗೆ?"

"ಇಂಗ್ಲಿಷಲ್ಲಿ ಏನೇನೋ ಅಂದ್ರು ಅಕ್ಕ. ತಲೆಗೆ ಹೋಗ್ಲಿಲ್ಲ."

ಅವಳ ಮುಖ ಮೆತ್ತಗಾಯಿತು. ನನ್ನ ಫೋನಿನಿಂದಲೇ ಅಧಿಕಾರಿಯನ್ನು ಹಿಡಿದು, ಕಂತಿನಲ್ಲಿ ತಾನೇ ಕಟ್ಟುವುದಾಗಿ ಹೇಳಿದಳು. ನನ್ನ ತಮ್ಮ ಓದಿದವನಲ್ಲ, ಮೋಸ ಮಾಡುವವನಂತೂ ಅಲ್ಲ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ವಾದಿಸಿದಳು. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಭಾವ ಮೆಟ್ಟಿಲಿಳಿದು ಬಂದು ಇಬ್ಬರ ಮುಖವನ್ನೂ ನೋಡಿದರು. "ಏನಾಯ್ತು?"

"ನಾನು ಹೇಳ್ತೀನಿ, ಕೂತ್ಕೊಳ್ಳಿ," ಎಂದಳು ಅಕ್ಕ. "ಆದ್ರೆ ಇವನಿಗೆ ಏನೂ ಅನ್ಬೇಡಿ. ಪಾಪ, ಅವನಿಗೆ ಗೊತ್ತಿರ್ಲಿಲ್ಲ."