ನಮ್ಮ ಯಜಮಾನರ ಎರಡು ಸಾವು ಮತ್ತು ಒಂದು ಮಂಗಳ

ಮಾನ್ಯ ಓದುಗರೇ,

ಕಳೆದ ಭಾನುವಾರ ಚನ್ನಪಟ್ಟಣದ ಚಿತ್ರಮಂದಿರವೊಂದರಲ್ಲಿ, ಮ್ಯಾಟಿನಿ ಪ್ರದರ್ಶನದ ಅವಧಿಯಲ್ಲಿ, ನಮ್ಮ ಯಜಮಾನರು ಎರಡು ಬಾರಿ ಮೃತಪಟ್ಟರೆಂಬ ವಿಷಯವನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ. ಗಾಬರಿಗೆ ಕಾರಣವಿಲ್ಲ. ನಾನು ಈ ಸಾಲುಗಳನ್ನು ಬರೆಯುತ್ತಿರುವ ವೇಳೆಗೆ ಸದರಿಯವರು ಬಿಡದಿಯ ಕಾರು ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್‌ನಲ್ಲಿದ್ದಾರೆ.

(ಈ ಅಂಕಣಕ್ಕೆ ಇದು ನನ್ನ ಮೊದಲ ಬರಹ. ಕಚೇರಿಯ ಪತ್ರಗಳನ್ನು ಬರೆದು ಅಭ್ಯಾಸವಿದೆಯೇ ಹೊರತು ಓದುಗರಿಗೆ ಬರೆದು ಅಭ್ಯಾಸವಿಲ್ಲ. ಲೋಪದೋಷಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.)

ಮೊದಲಿಗೆ ಹಿನ್ನೆಲೆ. ನಮ್ಮದು ಬೈರಾಪಟ್ಟಣ. ನಮ್ಮ ಕಡೆ ಊರೂರಿಗೂ ನಾಟಕದ ತಂಡಗಳಿವೆ. ಹೆಚ್ಚಿನವರು ಆಡುವುದು ಪೌರಾಣಿಕ. ನಮ್ಮೂರಿನವರು ಮಾತ್ರ ಹಾರ್ಮೋನಿಯಂ ಮೇಷ್ಟ್ರೇ ಬರೆದುಕೊಟ್ಟ ‘ದೀಪ ಹಚ್ಚಬೇಡ’ ಎಂಬ ಸಂಗೀತ ನಾಟಕವನ್ನು ಆಡುತ್ತಾ ಬಂದಿದ್ದಾರೆ. ಬಂಡೆಗಳ ನಡುವೆ ಒಂದು ಪಾಳು ಬಂಗಲೆ. ಅದರ ಕತ್ತಲೆ ಕೋಣೆಯಲ್ಲಿ ಶಾಪಗ್ರಸ್ತ ಯುವಕ. ಬೆಳಕು ಸೋಕಿದರೆ ಅವನಿಗೆ ಸಾವು. ಮುಖ ಕಾಣದೆ, ಬರೀ ಹಾಡು ಕೇಳಿಯೇ ಅವನಿಗೆ ಮನಸೋತ ಹುಡುಗಿ ಒಂದು ದಿನ ತಾಳಲಾರದೆ ದೀಪ ಹಚ್ಚುತ್ತಾಳೆ. ಅವನು ಕೊನೆಯ ಹಾಡು ಹಾಡಿ ಅವಳ ಮಡಿಲಲ್ಲಿ ಪ್ರಾಣ ಬಿಡುತ್ತಾನೆ.

ಸದರಿ ಯುವಕನ ಪಾತ್ರ ನಮ್ಮ ಯಜಮಾನರದು. (ಕಾರ್ಖಾನೆಯಲ್ಲಿ ಕಾರಿಗೆ ಬಾಗಿಲು ಜೋಡಿಸುವವರು ಹೀಗೆ ಹಾಡಬಲ್ಲರೆಂದು ಮದುವೆಗೆ ಮುನ್ನ ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಿದ್ದರೆ ಇನ್ನೂ ಬೇಗ ಒಪ್ಪುತ್ತಿದ್ದೆ.)

ನಮ್ಮ ಕಡೆಯ ನಾಟಕ ನೋಡಿದವರಿಗೆ ‘ಒನ್ಸ್ ಮೋರ್’ ಪದ್ಧತಿ ಗೊತ್ತಿರುತ್ತದೆ. ಹಾಡು ಹಿಡಿಸಿದರೆ ಜನ ಕೂಗುತ್ತಾರೆ. ಕೂಗಿದ ಮೇಲೆ ನಟ ಹಾಡಲೇಬೇಕು. ಸತ್ತಿದ್ದರೂ ಸರಿ, ಎದ್ದು, ಶಲ್ಯ ಸರಿಮಾಡಿಕೊಂಡು, ಮೇಷ್ಟ್ರ ಕಡೆ ನೋಡಿ ಶ್ರುತಿ ಹಿಡಿದು, ಮತ್ತೆ ಹಾಡಿ, ಮತ್ತೆ ಸಾಯಬೇಕು. ಇದು ಅಭಾಸವೆಂದು ನಮ್ಮಲ್ಲಿ ಯಾರಿಗೂ ಇದುವರೆಗೆ ಅನ್ನಿಸಿಲ್ಲ.

ಮೊದಲು ಕೂಗುವವರು ಪ್ರತಿ ಸಲವೂ ನಮ್ಮ ಅತ್ತೆಯವರೇ. ಅವರಿಗೆ ಬರುವ ಇಂಗ್ಲಿಷ್ ಅದೊಂದೇ. ಮಗನ ಹಾಡು ಅಷ್ಟು ಇಷ್ಟವೇ ಎಂದು ನಾನೊಮ್ಮೆ ಕೇಳಿದ್ದೆ.

“ಹಾಡ್ಗಲ್ಲ ಕಣವ್ವ,” ಅಂದಿದ್ದರು. “ಎದ್ದೇಳ್ಲಿ ಅಂತ.”

ಅವರ ಹಿರಿಯ ಮಗ ಎಳೆಯ ವಯಸ್ಸಿನಲ್ಲೇ ಜ್ವರದಿಂದ ತೀರಿಕೊಂಡಿದ್ದ.

ಹೀಗಿರುವಲ್ಲಿ, ಬೆಂಗಳೂರಿನ ಯುವ ನಿರ್ದೇಶಕರೊಬ್ಬರು ನಾಟಕ ನೋಡಿ, ಅದನ್ನು ಸಿನಿಮಾ ಮಾಡುವುದಾಗಿಯೂ, ಪಾತ್ರವನ್ನು ನಮ್ಮ ಯಜಮಾನರೇ ವಹಿಸಬೇಕೆಂದೂ ಕೋರಿದರು. ಇವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅತ್ತೆಯವರು ಸುತರಾಂ ಒಪ್ಪಲಿಲ್ಲ.

“ನಾಟ್ಕದಲ್ಲಿ ನೀನು ಸತ್ರೆ ನಾವ್ ಎಬ್ಬುಸ್ತೀವಿ. ಫಿಲಂನಾಗೆ ಸತ್ತೋನ್ನ ಯಾರ್ಲಾ ಎಬ್ಬುಸ್ತಾರೆ?”

ಮನೆಯಲ್ಲಿ ಅನ್ನ ಬಡಿಸುವಾಗಲೂ ಇದೇ ಚರ್ಚೆ. ಕೊನೆಗೆ ಇವರು ಮಾತು ಕೊಟ್ಟರು. “ಅವ್ವ, ಒಂದ್ಸಲ ನೋಡು. ನೋಡಿದ್ಮೇಲೂ ನಿಂಗೆ ಸರಿ ಕಾಣ್ದಿದ್ರೆ ಇನ್ಮೇಲೆ ಬಣ್ಣಾನೇ ಮುಟ್ಟಾಕಿಲ್ಲ.” ಇವರು ಕೊಟ್ಟ ಮಾತಿಗೆ ತಪ್ಪುವವರಲ್ಲ. ನನಗೆ ಭಯವಾದದ್ದೇ ಆ ಕಾರಣಕ್ಕೆ. ಬಣ್ಣ ಬಿಟ್ಟ ಮೇಲೆ ಇವರಲ್ಲಿ ಉಳಿಯುವುದಾದರೂ ಏನು?

ಹಾಗೂ ಹೀಗೂ ಸಿನಿಮಾ ತಯಾರಾಗಿ ಬಿಡುಗಡೆಯಾಯಿತು. ಕಳೆದ ಭಾನುವಾರ ಊರಿಗೆ ಊರೇ ಚನ್ನಪಟ್ಟಣಕ್ಕೆ ಬಂದಿತ್ತು. ಇವರು ನಿರ್ದೇಶಕರೊಂದಿಗೆ ಬಾಲ್ಕನಿಯಲ್ಲಿ. ನಾನು, ಅತ್ತೆಯವರು ಕೆಳಗೆ, ಮುಂದಿನ ಸಾಲಿನಲ್ಲಿ. ಬಂಗಲೆ ಬಂತು. ಬಾವಲಿಗಳು ಬಂದವು. ಹುಡುಗಿ ದೀಪ ಹಚ್ಚಿದಳು. ನಮ್ಮ ಮನೆಯ ಗೋಡೆಗಿಂತ ದೊಡ್ಡದಾದ ಮುಖದಲ್ಲಿ ಇವರು ಹಾಡಿದರು. ಪ್ರಾಣ ಬಿಟ್ಟರು.

ಅತ್ತೆಯವರು ಎದ್ದು ನಿಂತು ‘ಒನ್ಸ್ ಮೋರ್’ ಎಂದು ಕೂಗಿದರು. ಹಿಂದೆಯೇ ಇಡೀ ಊರು ಕೂಗಿತು.

ಬೇರೆ ಊರಿನ ಚಿತ್ರಮಂದಿರವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಪ್ರೊಜೆಕ್ಟರ್ ನೋಡಿಕೊಳ್ಳುವ ಅನ್ವರಣ್ಣ ಚನ್ನಪಟ್ಟಣದ್ದೇ ಗೊಂಬೆ ಮಾಡುವ ಮನೆತನದವರು, ನಮ್ಮ ನಾಟಕಗಳನ್ನು ಬಿಡದೆ ನೋಡಿದವರು. ಜನ ಕೇಳಿದ ಮೇಲೆ ಕೊಡದಿರುವುದು ಮರ್ಯಾದೆಯಲ್ಲವೆಂದು ಅವರಿಗೆ ತೋರಿತಂತೆ. ಹಾಡನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿಯೇಬಿಟ್ಟರು.

ತಪ್ಪಾದದ್ದು ಅಲ್ಲಿಯೇ. ರಂಗದ ಮೇಲೆ ‘ಒನ್ಸ್ ಮೋರ್’ ಎಂದರೆ ಸತ್ತವನು ಮೊದಲು ಏಳುತ್ತಾನೆ. ಪರದೆಯಲ್ಲಿ ಏಳುವುದೆಲ್ಲಿ ಬಂತು? ಚಿತ್ರ ಥಟ್ಟನೆ ಹಿಂದಕ್ಕೆ ಹಾರಿತು. ಇವರು ಅದೇ ಹಾಡು ಹಾಡಿದರು, ಅದೇ ರೀತಿ ಕತ್ತು ವಾಲಿಸಿದರು, ಮೊದಲಿಗಿಂತ ಹೆಚ್ಚು ಸತ್ತವರಂತೆ ಕಂಡರು.

ಅತ್ತೆಯವರು ಕುಸಿದು ಕುಳಿತು ಸೆರಗನ್ನು ಮುಖಕ್ಕೆ ಎಳೆದುಕೊಂಡರು. “ಏಳ್ನಿಲ್ಲ ಕಣವ್ವ,” ಅಂದರು. “ಕರುದ್ರೂ ಏಳ್ನಿಲ್ಲ.”

ಮಗ ಬಾಲ್ಕನಿಯಲ್ಲಿರುವುದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದರೆ ಅಳು ನಿಲ್ಲುತ್ತದೆಯೇ? ನನ್ನ ಮಟ್ಟಿಗೆ, ಇವರ ನಾಟಕ ಅಲ್ಲಿಗೆ ಮುಗಿಯಿತೆಂದು ತೀರ್ಮಾನಿಸಿಬಿಟ್ಟೆ.

ಪರದೆಯಲ್ಲಿ ಹೆಸರುಗಳು ಏರತೊಡಗಿದವು. ಆಗ ಯಾರೋ “ಅಲ್ಲಿ ಬತ್ತಾವ್ನೆ ಕಣ್ರಲಾ” ಎಂದರು. ಇವರು ಮೆಟ್ಟಿಲಿಳಿದು, ಸಾಲುಗಳ ನಡುವೆ ಹಾದು, ಪರದೆಯ ಮುಂದೆ ಬಂದು ನಿಂತಿದ್ದರು. ಹೆಸರುಗಳು ಇವರ ಅಂಗಿಯ ಮೇಲೆ ಹರಿಯುತ್ತಿದ್ದವು. ಅಮ್ಮನನ್ನು ಕರೆಯಲಿಲ್ಲ. ಸಮಾಧಾನ ಹೇಳಲಿಲ್ಲ. ಕೈಮುಗಿದು ಮಂಗಳ ಎತ್ತಿಕೊಂಡರು.

ನಮ್ಮಲ್ಲಿ ಹೆಣ ಬಿದ್ದಲ್ಲಿಗೆ ನಾಟಕ ಮುಗಿಯುವುದಿಲ್ಲ. ಕೊಂದವನು, ಸತ್ತವನು, ಅತ್ತವಳು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಮಂಗಳ ಹಾಡಿದ ಮೇಲೆಯೇ ಜನ ಚಾಪೆ ಸುತ್ತುವುದು. ಇವರ ದನಿ ಕೇಳುತ್ತಲೇ ತಂಡದವರು ಒಬ್ಬೊಬ್ಬರಾಗಿ ಎದ್ದು ಹೋಗಿ ಪಕ್ಕದಲ್ಲಿ ನಿಂತರು. ಅನ್ವರಣ್ಣ ಸೌಂಡ್ ನಿಲ್ಲಿಸಿ ಲೈಟ್ ಹಾಕಿದರು. ಜನ ಎದ್ದು ತಾಳ ಹಾಕಿದರು. ಅತ್ತೆಯವರು ಸೆರಗು ಸರಿಸಿ ಮಗನನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಬಹಳ ಹೊತ್ತು ನೋಡಿದರು.

ಹೊರಗೆ ನಿರ್ದೇಶಕರು ಅಪರಾಧಿಯಂತೆ ನಿಂತಿದ್ದರು. ಅತ್ತೆಯವರು ನೇರವಾಗಿ ಅವರ ಬಳಿ ಹೋದರು. ಕೊಟ್ಟ ಮಾತು ನೆನಪಿದ್ದ ಇವರು ಪಕ್ಕದಲ್ಲೇ ಕೈಕಟ್ಟಿ ನಿಂತರು.

“ಕೊನೇಲಿ ಒಸಿ ಮಂಗಳ ಸೇರುಸ್ಬುಡಪ್ಪ,” ಅಂದರು. “ಆಮೇಲೆ ನನ್ ಮಗ ಎಷ್ಟ್ ಸಲ ಬೇಕಾದ್ರೂ ಸಾಯ್ಲಿ.”

ಮುಂದಿನ ಆಟಕ್ಕೆ ತಡವಾದರೂ ಒಂದು ಮಾತನ್ನೂ ಆಡದ ಮ್ಯಾನೇಜರ್ ಸಾಹೇಬರಿಗೆ, ತಪ್ಪನ್ನು ಮರ್ಯಾದೆಯಿಂದಲೇ ಮಾಡಿದ ಅನ್ವರಣ್ಣನವರಿಗೆ, ಸಂಕೋಚಪಡದೆ ಎದ್ದು ನಿಂತ ಸಮಸ್ತ ಪ್ರೇಕ್ಷಕರಿಗೆ ನಮ್ಮ ಕುಟುಂಬದ ಪರವಾಗಿ ಹೃತ್ಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇನೆ. ದೊಡ್ಡ ಮಾಲ್‌ಗಳಲ್ಲಿ ಲೈಟ್ ಬರುವ ಮುನ್ನವೇ ಮೊಬೈಲ್ ತೆಗೆದು ಎದ್ದು ಹೋಗುವುದನ್ನು ನಾವೂ ಕಲಿತಿದ್ದೇವೆ. ಪರದೆಯ ಮೇಲೆ ಸತ್ತವನ ಗತಿಯೇನಾಯಿತೆಂದು ಕೇಳುವ ಜವಾಬ್ದಾರಿ ನೋಡಿದವರಿಗಿಲ್ಲವೇ?

ಸಿನಿಮಾವನ್ನು ಈಗ ತಿದ್ದಲು ಬರುವುದಿಲ್ಲವಂತೆ. ಆದ್ದರಿಂದ ಚನ್ನಪಟ್ಟಣದಲ್ಲಿ ಇವರಾಗಲಿ, ಶಿಫ್ಟ್ ಇದ್ದ ದಿನ ತಂಡದ ಇತರರಾಗಲಿ, ಆಟ ಮುಗಿದ ಮೇಲೆ ಪರದೆಯ ಮುಂದೆ ನಿಂತು ಮಂಗಳ ಹಾಡುತ್ತಿದ್ದಾರೆ.

ಆದರೆ ಅದೇ ಸಿನಿಮಾ ಕನಕಪುರದಲ್ಲೂ ಓಡುತ್ತಿದೆ. ನಮ್ಮ ಯಜಮಾನರು ಎದ್ದರೆಂಬ ವಿಷಯವನ್ನು ಅಲ್ಲಿಯವರಿಗೆ ತಿಳಿಯಪಡಿಸುವವರು ಯಾರು?